ಥೇಮ್ಸ್ ನದಿಯ ‘ಲಾಕ್’: ಒಂದು ಪದ ಸಾಕೇ, ಎರಡು ಬೇಕೇ?

ಮಾನ್ಯರೇ,

ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲಿರುವ, ಚಿತ್ರಕಾರ ಸ್ಟ್ಯಾನ್ಲಿ ಸ್ಪೆನ್ಸರ್ 1891ರಲ್ಲಿ ಹುಟ್ಟಿದ ಕುಕಮ್ ಎಂಬ ಹಳ್ಳಿಯ ಇತಿಹಾಸವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದೋಣಿ, ಹುಟ್ಟು, ಅಂಬಿಗ, ಕಡವು ಎಲ್ಲವೂ ನಮ್ಮಲ್ಲಿವೆ. ‘ಪಂಟ್’ ಎಂಬ ಚಪ್ಪಟೆ ತಳದ ದೋಣಿಯನ್ನು ಗಳ ಊರಿ ನಡೆಸುತ್ತಾರೆಂದರೆ ಯಾರಿಗೂ ತಿಳಿಯುತ್ತದೆ. ತೊಡಕಾಗಿರುವುದು ‘ಲಾಕ್’ ಎಂಬ ಒಂದೇ ಮಾತು.

ಆ ನದಿಯಲ್ಲಿ ಈ ಹೆಸರು ಎರಡು ಬೇರೆ ಏರ್ಪಾಡುಗಳಿಗೆ ಸಂದಿದೆ. ಹಿಂದೆ ಗಿರಣಿಗಳಿಗಾಗಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳ ಒಂದು ಭಾಗದಲ್ಲಿ ಎತ್ತಿ ತೆಗೆಯಬಹುದಾದ ಹಲಗೆಗಳಿರುತ್ತಿದ್ದವು; ಅವನ್ನು ತೆಗೆದಾಗ ನುಗ್ಗುವ ನೀರಿನೊಡನೆ ಸರಕಿನ ದೋಣಿಗಳು ಕೆಳಕ್ಕೆ ಜಾರುತ್ತಿದ್ದವು, ಮೇಲಕ್ಕೆ ಹೋಗಬೇಕಾದವನ್ನು ಹಗ್ಗ ಬಿಗಿದು ರಾಟೆಯಿಂದ ಎಳೆಯುತ್ತಿದ್ದರು. ಇದು ‘ಫ್ಲ್ಯಾಶ್ ಲಾಕ್’. ಹರಿವಿನ ಮೇಲ್ಭಾಗದ ಈಟನ್‌ನಲ್ಲಿ ಇಂಥದೊಂದು 1937ರವರೆಗೂ ಉಳಿದಿತ್ತು. ಎರಡನೆಯದು ‘ಪೌಂಡ್ ಲಾಕ್’: ಎರಡು ಕದಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿಯೋ ಬಿಟ್ಟೋ ಅದನ್ನು ಮೆಲ್ಲನೆ ಏರಿಸುವ, ಇಳಿಸುವ ಕೋಣೆ. ಆಕ್ಸ್‌ಫರ್ಡ್ ಆಸುಪಾಸಿನಲ್ಲಿ ಇವು 1630ರ ದಶಕದಲ್ಲಿಯೇ ಬಂದಿದ್ದರೂ ಕುಕಮ್‌ಗೆ ಬಂದದ್ದು 1830ರಲ್ಲಿ. ಅದಕ್ಕಾಗಿ ತೋಡಿದ ಹೊಸ ಕಾಲುವೆಯಲ್ಲಿ ದೋಣಿಗಳು ಸಾಗತೊಡಗಿದ ಮೇಲೆ ಹಳೆಯ ಹರಿವಿನಲ್ಲಿದ್ದ ಹೆಡ್ಸರ್ ಧಕ್ಕೆಯ ವ್ಯಾಪಾರ ಕುಸಿಯಿತು. 1854ರಲ್ಲಿ ರೈಲು ಬಂದು, ಮುಂದೆ ಸರಕಿನ ದೋಣಿಗಳು ಕಡಿಮೆಯಾಗಿ ವಿಹಾರದ ದೋಣಿಗಳು ಹೆಚ್ಚಿದ ಕಥೆಯಲ್ಲೂ ಇದೇ ಲಾಕ್ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಪ್ರತಿಸಲವೂ ವಿವರಣೆ ಕೊಡುತ್ತ ಹೋಗುವಂತಿಲ್ಲ.

‘ಬೀಗ’ದ ಮಾತೇ ಬೇಡ. ‘ಜಲದ್ವಾರ’ ಕದವನ್ನಷ್ಟೇ ಹೇಳುತ್ತದೆ, ಕೋಣೆಯನ್ನಲ್ಲ. ‘ತೂಬು’ ಗದ್ದೆಗೆ ನೀರು ಬಿಡುವ ದಾರಿ, ದೋಣಿ ಹಾಯುವ ದಾರಿಯಲ್ಲ. ‘ಕೋಡಿ’ಯಾದರೋ ಕೆರೆ ತುಂಬಿದಾಗ ತಾನಾಗಿ ಹರಿಯುವಂಥದು. ಒಡ್ಡಿಗೆ ‘ಅಣೆಕಟ್ಟು’ ಎಂದರೆ ತಪ್ಪಾಗದು, ಆದರೆ ಇಂದಿನ ಓದುಗರ ಕಣ್ಣಿಗೆ ಕನ್ನಂಬಾಡಿಯೇ ಬಂದು ನಿಲ್ಲುತ್ತದೆ.

ಮೊದಲನೆಯದಕ್ಕೆ ‘ಹಲಗೆಗಂಡಿ’ ಒಪ್ಪುತ್ತದೆಂದು ನನ್ನ ಎಣಿಕೆ. ಬೇಲಿಯ, ಬದುವಿನ ಗಂಡಿ ಎಲ್ಲರಿಗೂ ಗೊತ್ತಿರುವುದೇ. ಎರಡನೆಯದಕ್ಕೆ ‘ದೋಣಿತೊಟ್ಟಿ’ ಎಂದು ಬರೆದು ನೋಡಿದೆ, ಆದರೆ ದೋಣಿ ಎಂಬುದಕ್ಕೇ ನೀರಿನ ತೊಟ್ಟಿ, ಸೂರಿನ ನೀರು ಹರಿಯುವ ಮರಿಗೆ ಎಂಬ ಅರ್ಥಗಳಿರುವುದರಿಂದ ಅದು ನಿಲ್ಲಲಿಲ್ಲ. ‘ಏರಿಳಿಕೋಣೆ’ ಸ್ವಲ್ಪ ಕೃತಕವೆನಿಸುತ್ತದೆ. ನೀರಾವರಿ ಇಲಾಖೆಯಲ್ಲಾಗಲಿ ಕರಾವಳಿಯ ಅಳಿವೆಗಳಲ್ಲಾಗಲಿ ದುಡಿದವರು ಇಂಥ ಕೋಣೆಗೆ ಬಳಸುವ ಪದವಿದ್ದರೆ ದಯವಿಟ್ಟು ತಿಳಿಸಿರಿ. ಅದನ್ನು ಕಾಯುವ ನೌಕರನಿಗೂ ಅದೇ ಪದದಿಂದ ಹೆಸರು ಹುಟ್ಟುವಂತಿದ್ದರೆ ಇನ್ನೂ ಅನುಕೂಲ.