ಹಗುರ ರಿವಾಲ್ವರ್: ಗುಂಡು ಎಡಕ್ಕೂ ಕೆಳಕ್ಕೂ ಬೀಳುತ್ತಿದೆ, ಒದೆತವೇ ಕಾರಣವೇ?

ಮುಳ್ಳೇರಿಯ ಅಡಕೆ ಬೆಳೆಗಾರ:

ನಮಸ್ಕಾರ. ನನ್ನದು ಕೇರಳದ ಕಾಸರಗೋಡು ಜಿಲ್ಲೆ. ನನ್ನಲ್ಲಿರುವುದು .32 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲ) ಹಗುರ ರಿವಾಲ್ವರ್. ಮಿಶ್ರಲೋಹದ ಚೌಕಟ್ಟು, ಕಾರ್ಟ್ರಿಜ್ ತುಂಬದೆ ಅರ್ಧ ಕಿಲೋದ ಆಸುಪಾಸು ತೂಕ. ತಂದೆಯವರದು ಪೂರ್ತಿ ಉಕ್ಕಿನದಾಗಿತ್ತು. ತೋಟದಲ್ಲಿ ಓಡಾಡುವಾಗ ಸೊಂಟಕ್ಕೆ ಭಾರವಾಗುತ್ತದೆ ಎಂದು ಅದನ್ನು ವಿಧಿಪ್ರಕಾರ ಅಂಗಡಿಗೆ ಒಪ್ಪಿಸಿ ಇದನ್ನು ತೆಗೆದುಕೊಂಡೆ. ಹೊತ್ತು ತಿರುಗಲು ನಿಜಕ್ಕೂ ಸುಖ. ಆದರೆ ರೇಂಜಿನಲ್ಲಿ ಹತ್ತು ಮೀಟರಿನಿಂದ ಹೊಡೆದರೆ ಗುಂಡುಗಳೆಲ್ಲ ನಡುವಿನಿಂದ ಒಂದು ಅಂಗೈ ಅಗಲ ಎಡಕ್ಕೆ, ಕೆಳಗೆ ಬೀಳುತ್ತವೆ. ನಾನು ಬಲಗೈಯವನು. ಕೇಳಿದವರೆಲ್ಲ ‘ಹಗುರದ್ದು ಒದೆಯುತ್ತದೆ, ಅಭ್ಯಾಸವಾದರೆ ಸರಿಯಾಗುತ್ತದೆ’ ಎನ್ನುತ್ತಾರೆ. ಅಭ್ಯಾಸ ಮಾಡಿದಷ್ಟೂ ಅದೇ ಜಾಗಕ್ಕೆ ಇನ್ನೂ ಒತ್ತಾಗಿ ಬೀಳುತ್ತಿವೆ.

ಇನ್ನೊಂದು ತೊಂದರೆ, ಮಳೆಗಾಲದಲ್ಲಿ ಸಿಲಿಂಡರಿನ (ಕಾರ್ಟ್ರಿಜ್ ತುಂಬುವ, ತಿರುಗುವ ಉರುಳೆ) ಮೇಲೆ ಕೆಂಪು ಚುಕ್ಕೆಗಳು ಏಳುತ್ತಿವೆ. ಎಣ್ಣೆ ಒರೆಸಿಯೇ ಇಡುತ್ತೇನೆ. ಚರ್ಮದ ಹೋಲ್‌ಸ್ಟರ್.

ಕೊನೆಯದಾಗಿ, ನಮ್ಮಲ್ಲಿ ಹಂದಿಯ ಕಾಟ ಎಲ್ಲರಿಗೂ ಗೊತ್ತು. ಎದುರಿಗೆ ಬಂದರೆ ಇದು ಸಾಕಾದೀತೇ, ಅಥವಾ .44ರಂಥ ದೊಡ್ಡ ಬೋರಿನ ಹಗುರ ರಿವಾಲ್ವರ್ ಹುಡುಕಬೇಕೇ?

ಜತ್ತದ ನಿವೃತ್ತ ಆರ್ಮರರ್:

ಬೆಳೆಗಾರರೇ, ನಾನು ಆಯುಧಗಳ ರಿಪೇರಿ ನೋಡುತ್ತಿದ್ದವ. ನಿಮ್ಮ ಗುಂಡುಗಳು ಚೆದರದೆ ಒಂದೇ ಕಡೆ ಗುಂಪಾಗಿ ಬೀಳುತ್ತಿವೆ. ಇದು ಒಳ್ಳೆಯ ಸುದ್ದಿ. ಕಾರಣ ಒಂದೇ ಇದೆ, ಅದು ಪ್ರತಿ ಸಲವೂ ಹಾಗೆಯೇ ಕೆಲಸ ಮಾಡುತ್ತಿದೆ ಎಂದು ಅರ್ಥ. ಅದು ಒದೆತ ಎಂದು ನನಗೆ ಅನ್ನಿಸುವುದಿಲ್ಲ.

ಲೆಕ್ಕ ನೋಡಿ. .32 ಲಾಂಗ್ ಕಾರ್ಟ್ರಿಜ್‌ನ ಗುಂಡು ಸುಮಾರು ಆರೂಕಾಲು ಗ್ರಾಂ. ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ 210 ಮೀಟರಿನ ಹತ್ತಿರ. ಗುಂಡು ಮುಂದಕ್ಕೆ ಒಯ್ಯುವ ಆವೇಗವಷ್ಟೇ ಆವೇಗ ಕೋವಿಗೂ ಹಿಂದಕ್ಕೆ ಬರುತ್ತದೆ. ಆವೇಗ ಅಷ್ಟೇ ಇದ್ದು ಕೋವಿಯ ತೂಕ ಅರ್ಧಕ್ಕಿಳಿದರೆ ಒದೆತದ ಶಕ್ತಿ ಎರಡು ಪಟ್ಟಾಗುತ್ತದೆ. ಅಷ್ಟರ ಮಟ್ಟಿಗೆ ಜನ ಹೇಳುವುದು ಸರಿ. ಆದರೆ ಯಾವುದರ ಎರಡು ಪಟ್ಟು? ಒಂಬೈನೂರು ಗ್ರಾಂನ ಉಕ್ಕಿನ ರಿವಾಲ್ವರಿನಲ್ಲಿ ಅದು ಸುಮಾರು ಒಂದು ಜೂಲ್, ನಿಮ್ಮದರಲ್ಲಿ ಸುಮಾರು ಎರಡು ಜೂಲ್. ಮನೆಯಲ್ಲಿ 12 ಬೋರಿನ ಕೋವಿ ಇದ್ದರೆ ಅದು ಹೆಗಲಿಗೆ ಕೊಡುವ ಒದೆತ ಇದರ ಹತ್ತು ಪಟ್ಟಿಗೂ ಹೆಚ್ಚು. ಎರಡು ಜೂಲ್‌ಗೆ ಗುರಿ ಒಂದು ಅಂಗೈ ತಪ್ಪುವುದಿಲ್ಲ. ಮೇಲಾಗಿ ಒದೆತ ನಳಿಗೆಯ ಮೂತಿಯನ್ನು ಎತ್ತುತ್ತದೆ. ನಿಮ್ಮ ಗುಂಡು ಬೀಳುತ್ತಿರುವುದು ಕೆಳಗೆ.

ಹಗುರ ರಿವಾಲ್ವರಿನ ನಿಜವಾದ ತೊಡಕು ಟ್ರಿಗರ್. ಹ್ಯಾಮರ್ (ಕಾರ್ಟ್ರಿಜ್‌ನ ಬುಡಕ್ಕೆ ಬಡಿಯುವ ಭಾಗ) ಎತ್ತದೆ ನೇರವಾಗಿ ಟ್ರಿಗರ್ ಎಳೆದು ಹೊಡೆಯುವಾಗ ಬೆರಳು ಹ್ಯಾಮರನ್ನೂ ಎತ್ತಬೇಕು, ಸಿಲಿಂಡರನ್ನೂ ತಿರುಗಿಸಬೇಕು. ಅದಕ್ಕೆ ಐದು ಕಿಲೋ ತೂಕದಷ್ಟು, ಕೆಲವದರಲ್ಲಿ ಇನ್ನೂ ಹೆಚ್ಚು ಎಳೆತ ಬೇಕು. ಅಂದರೆ ಕೋವಿಯ ತೂಕದ ಹತ್ತು ಪಟ್ಟು. ಉಕ್ಕಿನ ರಿವಾಲ್ವರ್ ತನ್ನ ಭಾರದಿಂದಲೇ ಈ ಎಳೆತವನ್ನು ಅಷ್ಟಿಷ್ಟು ತಡೆಯುತ್ತಿತ್ತು. ಅರ್ಧ ಕಿಲೋದ್ದು ತಡೆಯುವುದಿಲ್ಲ, ಬೆರಳು ಎಳೆದತ್ತ ಹೋಗುತ್ತದೆ. ಬಲಗೈಯವರ ತೋರುಬೆರಳು ಮಡಿಚುವಾಗ ಉಳಿದ ಬೆರಳುಗಳೂ ಜೊತೆಗೆ ಬಿಗಿಯುತ್ತವೆ. ಮೂತಿ ಎಡಕ್ಕೂ ಕೆಳಕ್ಕೂ ವಾಲುತ್ತದೆ.

ನನ್ನ ಮಾತನ್ನು ನಂಬಿ ಕೂರಬೇಡಿ, ಪರೀಕ್ಷಿಸಿ. ರೇಂಜಿನಲ್ಲಿ ಮೊದಲು ಹ್ಯಾಮರನ್ನು ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸಿ ಹೊಡೆಯಿರಿ. ಆಗ ಟ್ರಿಗರ್ ಬಹಳ ಹಗುರ. ಗುಂಡುಗಳು ನಡುವಿಗೆ ಬಂದರೆ ಸೈಟ್ (ಗುರಿ ನೋಡಲು ನಳಿಗೆಯ ಮೇಲಿರುವ ಗುರುತು) ಸರಿಯಿದೆ, ದೋಷ ಎಳೆತದಲ್ಲಿದೆ. ಆಮೇಲೆ ಜೊತೆಗಿರುವವರ ಕೈಗೆ ಕೊಟ್ಟು, ಹೊಸ ಕಾರ್ಟ್ರಿಜ್‌ಗಳ ನಡುವೆ ಹಾರಿಸಿದ ಖಾಲಿ ಕೇಸ್‌ಗಳನ್ನೂ (ಕಾರ್ಟ್ರಿಜ್‌ನ ಲೋಹದ ಚಿಪ್ಪು) ಬೆರೆಸಿ ತುಂಬಿಸಿ; ಯಾವುದು ಎಲ್ಲಿದೆ ಎಂದು ನಿಮಗೆ ಗೊತ್ತಿರಬಾರದು. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದು ‘ಟಕ್’ ಎಂದಾಗ ಮುಂದಿನ ಸೈಟನ್ನೇ ನೋಡಿ. ಎಳೆಯುವಷ್ಟು ಹೊತ್ತೂ ಅದು ನಿಧಾನವಾಗಿ ಎಡಕ್ಕೆ ಜಾರಿದರೆ ಬೆರಳಿನ ದೋಷ. ಹ್ಯಾಮರ್ ಬೀಳುವ ಕ್ಷಣಕ್ಕೆ ಒಮ್ಮೆಲೇ ಕೆಳಕ್ಕೆ ಕುಕ್ಕಿದರೆ, ಸದ್ದು ಬರುತ್ತದೆಂದು ಕೈ ಮೊದಲೇ ಬೆಚ್ಚುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಬೆಚ್ಚುವವರಿಗೆ ಕಿವಿಗೆ ಪ್ಲಗ್, ಅದರ ಮೇಲೆ ಮಫ್ ಎರಡನ್ನೂ ಹಾಕಿಸಿ. ಅರ್ಧ ಗುಣ ಅಲ್ಲೇ ಕಾಣುತ್ತದೆ. ಬೆರಳಿನ ದೋಷಕ್ಕೆ ಮನೆಯಲ್ಲಿ ಖಾಲಿ ಎಳೆತದ ಅಭ್ಯಾಸ. ಸಿಲಿಂಡರ್ ತೆರೆದು ಕಾರ್ಟ್ರಿಜ್ ಕೂರುವ ಆರು ಕೋಣೆಗಳನ್ನೂ ಕಣ್ಣಿನಿಂದ ನೋಡಿ, ಬೆರಳ ತುದಿಯಿಂದ ಮುಟ್ಟಿ ನೋಡಿ. ಕಾರ್ಟ್ರಿಜ್‌ಗಳು ಮನೆಯ ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ನಕಲಿ ಕಾರ್ಟ್ರಿಜ್ ಹಾಕಿ ಗಟ್ಟಿ ಗೋಡೆಯ ಕಡೆಗೆ ಹಿಡಿದು, ಸೈಟ್ ಅಲುಗದಂತೆ ಪೂರ್ತಿ ಎಳೆಯುವುದನ್ನು ಕೈಗೆ ಕಲಿಸಿ.

ಸ್ಪ್ರಿಂಗ್ ಕತ್ತರಿಸಿ ಟ್ರಿಗರ್ ಹಗುರ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಬೇಡವೇ ಬೇಡ. ಹ್ಯಾಮರಿನ ಪೆಟ್ಟು ಸಾಲದೆ ಕಾರ್ಟ್ರಿಜ್ ಹಾರದೇ ಉಳಿಯುತ್ತದೆ. ಅದೂ ಅಲ್ಲದೆ, ಆಯುಧ ರಿಪೇರಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಇರಬೇಕು. ಅದಿಲ್ಲದವರ ಕೈಗೆ ಕೊಡುವುದೇ ಅಪರಾಧಕ್ಕೆ ದಾರಿ.

ಹೊಸೂರಿನ ಪಿಸ್ತೂಲ್ ಶೂಟರ್:

ಆರ್ಮರರ್ ಸರ್ ಹೇಳಿದ್ದಕ್ಕೆ ಒಂದು ಸಾಕ್ಷಿ. ಅಂತರರಾಷ್ಟ್ರೀಯ ಸ್ಪರ್ಧೆಗಳ 25 ಮೀಟರ್ ಸೆಂಟರ್‌ಫೈರ್ (ಕಾರ್ಟ್ರಿಜ್‌ನ ಬುಡದ ನಡುವೆ ಬಡಿದು ಹಾರಿಸುವ) ಪಿಸ್ತೂಲ್ ವಿಭಾಗದಲ್ಲಿ ಬಹಳ ಮಂದಿ ಆರಿಸಿಕೊಳ್ಳುವುದು ಇದೇ .32 ಲಾಂಗ್ ಕಾರ್ಟ್ರಿಜ್ ಅನ್ನು. ಒದೆತ ಕಡಿಮೆ, ಗುರಿ ನಿಖರ ಎಂಬುದೇ ಕಾರಣ. ಆದ್ದರಿಂದ ಬೋರನ್ನು ದೂರಬೇಡಿ. ಹಿಡಿಯನ್ನು ಒಮ್ಮೆ ನೋಡಿಕೊಳ್ಳಿ. ಜೇಬಿಗೆ ಹಿಡಿಸಲೆಂದು ಚಿಕ್ಕದಾಗಿ ಮಾಡಿದ ಹಿಡಿಯಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ತೋರುಬೆರಳು ಟ್ರಿಗರಿನ ಆಚೆಗೆ ಜಾಸ್ತಿ ಚಾಚಿಕೊಳ್ಳುತ್ತದೆ. ನಿಮ್ಮ ಕೈ ದೊಡ್ಡದಿದ್ದರೆ ಇದೂ ಮೂತಿಯನ್ನು ಪಕ್ಕಕ್ಕೆ ತಳ್ಳಬಹುದು. ಮುಂದಿನ ಸೈಟಿಗೆ ಒಂದು ಚುಕ್ಕೆ ಬಿಳಿ ಬಣ್ಣ ಹಚ್ಚಿ, ಜಾರುವುದು ಕಣ್ಣಿಗೆ ಬೇಗ ಸಿಗುತ್ತದೆ.

ಅಲಾಸ್ಕದಲ್ಲಿರುವ ಪೆರ್ಲದವ:

ಬೆಳೆಗಾರಣ್ಣ, .44ರ ಆಸೆ ಸ್ವಲ್ಪ ತಡೆಯಿರಿ. ನನ್ನ ಕೆಲಸ ಇಲ್ಲಿನ ನದಿಗಳ ಬದಿಯಲ್ಲಿ. ಕರಡಿಯ ಭಯಕ್ಕೆ ಅಂಥದ್ದೇ ಒಂದನ್ನು ಎದೆಗೆ ಕಟ್ಟುವ ಹೋಲ್‌ಸ್ಟರಿನಲ್ಲಿ ಇಟ್ಟುಕೊಳ್ಳುತ್ತೇನೆ. ಸೊಂಟಕ್ಕೆ ಕಟ್ಟಿದರೆ ಬೆನ್ನುಚೀಲದ ಪಟ್ಟಿ ಅಡ್ಡ ಬರುತ್ತದೆ. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಸಿಲಿಂಡರ್, ತೂಕ 710 ಗ್ರಾಂ ಹತ್ತಿರ. .44 ಮ್ಯಾಗ್ನಮ್ ಎಂಬ ಹೆಚ್ಚು ಶಕ್ತಿಯ ಕಾರ್ಟ್ರಿಜ್ 1955ರಲ್ಲಿ ಬಂದಾಗ ಅದಕ್ಕೆಂದು ಮಾಡಿದ ರಿವಾಲ್ವರುಗಳು ಒಂದು ಕಿಲೋವನ್ನು ಚೆನ್ನಾಗಿ ಮೀರಿದ ಉಕ್ಕಿನವು. ಈಗ ಅದೇ ಕಾರ್ಟ್ರಿಜ್ ಅನ್ನು ಅದರ ಅರ್ಧ ತೂಕದ್ದರಲ್ಲಿ ಹೊಡೆಯುತ್ತೇವೆ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಮರಗಟ್ಟಿರುತ್ತದೆ.

ನನ್ನದೂ ಒಂದು ಪ್ರಶ್ನೆ, ಆರ್ಮರರ್ ಸರ್. ಮೊನ್ನೆ ಒಂದೆರಡು ಗುಂಡು ಹಾರಿದ ಮೇಲೆ ಸಿಲಿಂಡರ್ ಬಿಗಿದು ನಿಂತಿತು. ತಿರುಗಲೇ ಇಲ್ಲ. ಮೂತಿಯನ್ನು ದಿಬ್ಬದ ಕಡೆಗೇ ಹಿಡಿದು ಪಕ್ಕದಿಂದ ನೋಡಿದರೆ ಮುಂದಿನ ಕೋಣೆಯೊಂದರಿಂದ ಸೀಸದ ಗುಂಡಿನ ಮೂಗು ಅಕ್ಕಿಕಾಳಿನಷ್ಟು ಹೊರಗೆ ಬಂದಿತ್ತು.

ಜತ್ತದ ನಿವೃತ್ತ ಆರ್ಮರರ್:

ಪೆರ್ಲದವರೇ, ಇದು ದೊಡ್ಡ ಬೋರಿನ ಹಗುರ ರಿವಾಲ್ವರಿಗೇ ಅಂಟಿದ ಕಾಯಿಲೆ. ಬಸ್ ಒಮ್ಮೆಲೇ ಹೊರಟಾಗ ನಿಂತವರು ಇದ್ದಲ್ಲೇ ಉಳಿದು ಹಿಂದಕ್ಕೆ ವಾಲುತ್ತಾರಲ್ಲ, ಅದೇ ಇಲ್ಲಿ ತಿರುವುಮುರುವಾಗಿ ಆಗುತ್ತದೆ. ರಿವಾಲ್ವರ್ ಹಿಂದಕ್ಕೆ ಹಾರುವಾಗ ಕೇಸನ್ನು ಅಂಚು ಹಿಡಿದು ತನ್ನೊಡನೆ ಎಳೆದುಕೊಳ್ಳುತ್ತದೆ; ಹೊಡೆಯದೆ ಉಳಿದ ಕಾರ್ಟ್ರಿಜ್‌ನ ಭಾರದ ಗುಂಡು ಇದ್ದಲ್ಲೇ ನಿಲ್ಲಲು ನೋಡುತ್ತದೆ. ಕೇಸಿನ ಬಾಯಿಯನ್ನು ಗುಂಡಿಗೆ ಒತ್ತಿ ಮಡಿಚಿದ್ದು ಸಡಿಲವಿದ್ದರೆ ಪ್ರತಿ ಒದೆತಕ್ಕೂ ಗುಂಡು ಕೂದಲೆಳೆಯಷ್ಟು ಮುಂದೆ ಬರುತ್ತಾ, ಕೊನೆಗೆ ಚೌಕಟ್ಟಿಗೆ ತಾಗಿ ಸಿಲಿಂಡರನ್ನು ಕಟ್ಟಿಹಾಕುತ್ತದೆ. ಕರಡಿ ಎದುರಿಗಿರುವಾಗ ಹೀಗಾದರೆ ಕೈಯಲ್ಲಿರುವುದು ಬರೀ ಲೋಹ.

ಕಾರ್ಟ್ರಿಜ್ ಕೊಳ್ಳುವಾಗಲೇ ತಿಳಿಯುವ ಉಪಾಯವಿದೆ. ಒಂದು ಕಾರ್ಟ್ರಿಜ್‌ನ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಬುಡಕ್ಕೆ ಗುರುತು ಹಾಕಿ ಸಿಲಿಂಡರಿಗೆ ಸೇರಿಸಿ. ಉಳಿದವನ್ನೆಲ್ಲ ಹಾರಿಸಿ ಇದನ್ನು ಮಾತ್ರ ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಬಗೆಯ ಕಾರ್ಟ್ರಿಜ್ ನಿಮ್ಮ ರಿವಾಲ್ವರಿಗೆ ಸಲ್ಲದು, ಭಾರದ ಕೋವಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಬಹುದು. ಗಟ್ಟಿಯಾಗಿ ಮಡಿಚಿದ್ದನ್ನೇ ಆರಿಸಿ. ಅಭ್ಯಾಸಕ್ಕೆ .44 ಸ್ಪೆಷಲ್ ಬಳಸಿ. ಅದೇ ಕೋಣೆಗಳಲ್ಲಿ ಕೂರುತ್ತದೆ, ಒದೆತ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅದರ ಕೇಸ್ ಗಿಡ್ಡವಾದ್ದರಿಂದ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಮತ್ತೆ ಮ್ಯಾಗ್ನಮ್ ತುಂಬುವ ಮೊದಲು ಉಜ್ಜಿ ತೆಗೆಯಿರಿ. ಟೈಟಾನಿಯಂ ಸಿಲಿಂಡರಿನ ಮುಂಭಾಗದ ಕಪ್ಪು ಕಲೆಗೆ ಮಾತ್ರ ಉಜ್ಜುಕಾಗದ ಹಾಕಬೇಡಿ. ಅದರ ಮೇಲಿನ ರಕ್ಷಣೆಯ ಪದರ ಹೋದರೆ ಬಿಸಿ ಅನಿಲ ಲೋಹವನ್ನೇ ತಿನ್ನುತ್ತದೆ.

ಬೆಳೆಗಾರರೇ, ಹಂದಿಯ ಮಾತು. ಅದಕ್ಕೆ ರಿವಾಲ್ವರ್ ಬೇಡ, ಯಾವ ಬೋರಿನದೂ ಬೇಡ. .32ರ ಗುಂಡು ತಾಗಿದ ಹಂದಿ ಸಾಯುವುದಿಲ್ಲ, ಗಾಯಗೊಂಡು ತಿರುಗಿ ಬೀಳುತ್ತದೆ. ಮರುದಿನ ಅಡಕೆ ಹೆಕ್ಕಲು ಬರುವವರ ಮೇಲೂ ಬಿದ್ದೀತು. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಹಂದಿಗಳ ವಿಷಯದಲ್ಲಿ ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿದೆ. ಆ ಕೆಲಸ ಪಂಚಾಯತಿನ ಪಟ್ಟಿಯಲ್ಲಿರುವ, ಉದ್ದ ಕೋವಿಯ ಪರವಾನಗಿದಾರರದು.

ನೀರ್ಚಾಲಿನ ಕೃಷಿಕ:

ತುಕ್ಕಿನ ವಿಷಯ ನಾನು ಹೇಳುತ್ತೇನೆ, ಇದು ನಮ್ಮ ಊರಿನದ್ದೇ ತಾಪತ್ರಯ. ಕೆಂಪು ಚುಕ್ಕೆ ತುಕ್ಕಿನ ಕಂದು ಬಣ್ಣದ್ದೋ, ತಾಮ್ರದ ಹೊಳಪಿನದ್ದೋ ನೋಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ದಿನಗಳಲ್ಲಿ ಚೂರಿಯನ್ನು ಅದ್ದಿ ಪರೀಕ್ಷಿಸುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ. ಮೈಲುತುತ್ತು ಅಂಟಿದ ಕೈಯಲ್ಲಿ ರಿವಾಲ್ವರ್ ಮುಟ್ಟಿದರೆ ಅದರ ಉಕ್ಕಿನ ಮೇಲೂ ಅದೇ ಆಗುತ್ತದೆ, ಅಲ್ಯೂಮಿನಿಯಂ ಅನ್ನೂ ಅದು ತಿನ್ನುತ್ತದೆ. ಔಷಧಿ ಬಿಡುವ ದಿನ ಅದನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ.

ಕಂದು ಚುಕ್ಕೆಯಾದರೆ ಹೋಲ್‌ಸ್ಟರೇ ಕಾರಣ. ಚರ್ಮ ಬೆವರನ್ನೂ ಮಳೆಯ ತೇವವನ್ನೂ ಹೀರಿ ಉಕ್ಕಿಗೆ ಒತ್ತಿಕೊಂಡಿರುತ್ತದೆ. ಚರ್ಮ ಹದಮಾಡಲು ಬಳಸಿದ ಲವಣಗಳೂ ಅದರಲ್ಲಿರುತ್ತವೆ. ರಾತ್ರಿ ಹೋಲ್‌ಸ್ಟರಿನಿಂದ ತೆಗೆದು, ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬೀಗದ ಪೆಟ್ಟಿಗೆಯಲ್ಲಿಡಿ. ಮಳೆಗಾಲಕ್ಕೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಹೋಲ್‌ಸ್ಟರ್ ಒಳ್ಳೆಯದು. ಪಂಚೆ ಉಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಹಗುರದ್ದು ಜಾರಿದರೂ ತಿಳಿಯುವುದಿಲ್ಲ. ದಪ್ಪ ಬೆಲ್ಟ್ ಇಲ್ಲದೆ ಹೊರಡಬೇಡಿ.

ಮುಳ್ಳೇರಿಯ ಅಡಕೆ ಬೆಳೆಗಾರ:

ಎಲ್ಲರಿಗೂ ಋಣಿ. ರೇಂಜಿಗೆ ಹೋಗಿ ಬಂದೆ. ಹ್ಯಾಮರ್ ಎತ್ತಿ ಹೊಡೆದಾಗ ಗುಂಡುಗಳು ನಡುವಿಗೇ ಬಂದವು. ಖಾಲಿ ಕೇಸ್ ಬೆರೆಸಿದಾಗ ಬಿಳಿ ಚುಕ್ಕೆ ಕುಕ್ಕಲಿಲ್ಲ, ಎಳೆಯುತ್ತಾ ಹೋದಂತೆ ಮೆಲ್ಲನೆ ಎಡಕ್ಕೆ ಜಾರಿತು. ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಖಾಲಿ ರಿವಾಲ್ವರಿನ ಟ್ರಿಗರಿಗೆ ಸಿಕ್ಕಿಸಿ ಎಳೆದೆ, ಮುಳ್ಳು ಐದು ಕಿಲೋ ದಾಟಿಯೇ ಹ್ಯಾಮರ್ ಬಿದ್ದದ್ದು. ಸಿಲಿಂಡರಿನ ಚುಕ್ಕೆಗಳು ಕಂದು ಬಣ್ಣದವೇ. ದೊಡ್ಡ ಹಿಡಿ ಹಾಕಿಸಲು ಪುತ್ತೂರಿನ ಕಡೆ ಕೇಳುತ್ತಿದ್ದೇನೆ, ರಿವಾಲ್ವರನ್ನೂ ಒಯ್ದು ತೋರಿಸಬಹುದೇ?

ಜತ್ತದ ನಿವೃತ್ತ ಆರ್ಮರರ್:

ಮೊದಲು ಪರವಾನಗಿ ತೆರೆದು ಯಾವ ಪ್ರದೇಶಕ್ಕೆ ಅನ್ವಯ ಎಂದು ಬರೆದಿದೆ ನೋಡಿ. ಕೇರಳಕ್ಕೆ ಮಾತ್ರ ಎಂದಿದ್ದರೆ ಗಡಿಯ ಗಾಳಿಮುಖ ದಾಟಿ ಕರ್ನಾಟಕದ ಪುತ್ತೂರಿಗಾಗಲಿ ತಲಪಾಡಿ ದಾಟಿ ಮಂಗಳೂರಿಗಾಗಲಿ ಒಯ್ಯುವಂತಿಲ್ಲ, ಖಾಲಿಯಾಗಿದ್ದರೂ ಅಷ್ಟೇ. ನಾವು ಗಡಿಯವರು ದಿನಸಿಗೂ ಆಸ್ಪತ್ರೆಗೂ ಆಚೆಗೆ ಹೋಗುವವರು, ಅಲ್ಲಿ ಬೇರೆ ರಾಜ್ಯ ಎಂಬುದೇ ಮನಸ್ಸಿಗೆ ಬರುವುದಿಲ್ಲ. ಕಾಸರಗೋಡಿನಲ್ಲೋ ಕಣ್ಣೂರಿನಲ್ಲೋ ಪರವಾನಗಿ ಇರುವ ಅಂಗಡಿಯವರ ಬಳಿ ಹಿಡಿ ತರಿಸಿಕೊಳ್ಳಿ. ರಬ್ಬರಿನದು ಸಿಕ್ಕರೆ ಬೆವರಿದ ಕೈಗೆ ಮರಕ್ಕಿಂತ ಚೆನ್ನಾಗಿ ಕೂರುತ್ತದೆ. ಕಿರುಬೆರಳಿಗೆ ಜಾಗ ಸಿಗುವ ಉದ್ದ ನೋಡಿಯೇ ಕೊಳ್ಳಿ.