ಕುರ್ಚಿ, ಡಂಬೆಲ್ ಮತ್ತು ಗುಂಡನ ಲೆಕ್ಕ

ಗುಂಡ: ರಿವಾಲ್ವಿಂಗ್ ಕುರ್ಚೀಲಿ ಕೂತು ಕೈಗೊಂದು 3 ಕಿಲೋ ಡಂಬೆಲ್ ಹಿಡ್ಕೊಂಡು ಎರಡೂ ಕೈ ಚಾಚೋದು. ಯಾರಾದ್ರೂ ತಿರುಗಿಸಿದ ಮೇಲೆ ಡಂಬೆಲ್ ಬಿಟ್ಬಿಡೋದು. ಭಾರ ಇಳೀತು, ಕುರ್ಚಿ ರೊಯ್ಯಂತ ಓಡ್ಬೇಕು, ಅಲ್ವಾ?

ಸುಮಾ: ಓಡೋದು ಕುರ್ಚಿ ಅಲ್ಲ ಕಣೋ, ಪಕ್ಕದಲ್ಲಿ ನಿಂತವರು.

ಶೀನ: ಕುರ್ಚಿ ವೇಗ ಒಂದಿಷ್ಟೂ ಏರಲ್ಲ. 2 ಸೆಕೆಂಡಿಗೊಂದು ಸುತ್ತು, ಕೈ 80 ಸೆಂಟಿಮೀಟರ್ ದೂರ ಅಂತಿಟ್ಕೋ. ಡಂಬೆಲ್ ಆಗ್ಲೇ ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿರುತ್ತೆ. ಬಿಟ್ರೆ ಅದೇ ವೇಗದಲ್ಲಿ ನೇರ ಹೋಗಿ ಮೀಟರ್ ಆಚೆ ಬೀಳುತ್ತೆ. ಅಣ್ಣತಮ್ಮಂದಿರ ಆಸ್ತಿ ಪಾಲಾದ ಹಾಗೆ: ತನ್ನ ಕೋನೀಯ ಸಂವೇಗ, ಅಂದ್ರೆ ತನ್ನ ಪಾಲಿನ ತಿರುಗಾಟ, ತಾನು ತಗೊಂಡು ಹೋಯ್ತು, ನಿನ್ನದು ನಿನಗೆ.

ಗುಂಡ: ಮತ್ತೆ ಎದೆಗೆ ಎಳ್ಕೊಂಡ್ರೆ ಜೋರಾಗುತ್ತಲ್ಲ?

ಶೀನ: ಆಗ ಪಾಲು ಆಗಿಲ್ವಲ್ಲ, ಕೂಡುಕುಟುಂಬ! ತಿರುಗಿಸೋದು ಎಷ್ಟು ಕಷ್ಟ ಅಂತ ತಿಳಿಯೋಕೆ ತೂಕವನ್ನ ದೂರದ ವರ್ಗದಿಂದ ಗುಣಿಸು. 3×0.8×0.8, ಎರಡಕ್ಕೂ ಸೇರಿ 3.84. ನೀನೂ ಕುರ್ಚಿಯೂ ಸೇರಿ ಒರಟಾಗಿ 2 ಅನ್ನು. ಒಟ್ಟು 5.84. ಅಂದ್ರೆ ಮೂರರಲ್ಲಿ ಎರಡು ಪಾಲು ಡಂಬೆಲ್‌ಗಳದ್ದೇ. 20 ಸೆಂಟಿಮೀಟರಿಗೆ ತಂದ್ರೆ ಅವುಗಳ 3.84 ಬರೀ 0.24 ಆಗುತ್ತೆ, ಒಟ್ಟು 2.24. ಸಂವೇಗ ಅಷ್ಟೇ ಉಳಿಯೋದ್ರಿಂದ ವೇಗ 5.84÷2.24, ಅಂದ್ರೆ 2.6 ಪಟ್ಟು.

ಸುಮಾ: ಶಕ್ತಿನೂ 2.6 ಪಟ್ಟು. ಅದು ಬಿಟ್ಟಿ ಬರಲ್ಲ, ನಿನ್ನ ತೋಳು ಕೊಡ್ಬೇಕು. ಕೈ ಚಾಚಿದಾಗ ಒಂದೊಂದು ಡಂಬೆಲ್ಲೂ ಎರಡೂವರೆ ಕಿಲೋ ತೂಕದಷ್ಟು ಹೊರಗೆ ಜಗ್ಗುತ್ತೆ. ಒಂದಡಿ ದೂರಕ್ಕೆ ಬರೋ ಹೊತ್ತಿಗೆ ಹತ್ತಿರ ಹತ್ತಿರ ಐದು ಕಿಲೋ. ಜನ ಅಲ್ಲೇ ಕೈ ಬಿಡೋದು.

ಗುಂಡ: ನಮ್ಮನೆ ಕುರ್ಚಿ ಮೂರು ಸುತ್ತಿಗೇ ಸುಸ್ತು.

ಶೀನ: ಬೇರಿಂಗ್ ಘರ್ಷಣೆ. ಸಂವೇಗ ಕುರ್ಚಿಯಿಂದ ನೆಲಕ್ಕೆ, ನೆಲದಿಂದ ಭೂಮಿಗೆ ಸೋರಿಹೋಗುತ್ತೆ. ಭೂಮಿಗೆ ಗೊತ್ತೂ ಆಗಲ್ಲ. ಕೆಳಗಿನ ಚಕ್ರ ಬಿಚ್ಚಿಡು, ಇಲ್ಲಾಂದ್ರೆ ಸ್ವಲ್ಪ ವಾಲಿದ್ರೂ ಕುರ್ಚಿ ಅಡುಗೆಮನೆ ಸೇರುತ್ತೆ. ಕಾಲು ಒಳಗೆ ಮಡಚ್ಕೋ, ಎರಡೂ ಕೈ ಒಟ್ಟಿಗೆ ಎಳಿ. ಒಂದೇ ಕೈ ಎಳೆದ್ರೆ ಭಾರ ಒಂದು ಪಕ್ಕಕ್ಕಾಗಿ ಕುರ್ಚಿ ಓಲಾಡುತ್ತೆ.

ಗುಂಡ: ಡಂಬೆಲ್ ಇಲ್ಲಾಂದ್ರೆ?

ಸುಮಾ: 2 ಲೀಟರ್ ನೀರಿನ ಬಾಟಲಿ. ಪೂರ್ತಿ ತುಂಬಿಸು. ಅರ್ಧ ತುಂಬಿದ್ರೆ ನೀರು ಒಳಗೇ ತುಳುಕಾಡಿ, ನೀನು ಕೊಟ್ಟ ಶಕ್ತೀಲಿ ಒಂದಿಷ್ಟನ್ನ ಶಾಖ ಮಾಡಿ ಕೂತ್ಕೊಳ್ಳುತ್ತೆ. ನೋಡೋರು 2 ಮೀಟರ್ ಆಚೆ ಇರ್ಲಿ.

ಗುಂಡ: ನಿಂತ ಮೇಲೂ ತಲೆ ತಿರುಗುತ್ತಲ್ಲ, ಅದೂ ಭೂಮಿಯಿಂದ ವಾಪಸ್ ಬಂದ ಸಂವೇಗನಾ?

ಸುಮಾ: ಥೂ! ಕಿವಿಯೊಳಗಿನ ನಾಳದಲ್ಲಿರೋ ದ್ರವ ಅದು. ತಲೆ ನಿಂತ್ರೂ ದ್ರವ ಥಟ್ಟಂತ ನಿಲ್ಲಲ್ಲ. ಅದಕ್ಕೇ ಡಂಬೆಲ್ ಮೊದ್ಲು ಯಾರ ಕೈಗಾದ್ರೂ ಕೊಟ್ಟು ಆಮೇಲೆ ಏಳು.

ಗುಂಡ: ಯಾರಿಗೆ ಕೊಡ್ಲಿ ತಾಯಿ, ಎಲ್ರನ್ನೂ 2 ಮೀಟರ್ ಆಚೆ ನಿಲ್ಸಿದ್ದೀಯಲ್ಲ!