ಎಂಡೊಮೆಟ್ರಿಯಂ 6.8 ಮಿ.ಮೀ.: ಭ್ರೂಣ ವರ್ಗಾವಣೆ ಮುಂದೂಡಬೇಕೇ?

ಪ್ರಶ್ನೆ: ಫ್ರೋಜನ್ ಸೈಕಲ್ (ಶೈತ್ಯೀಕರಿಸಿಟ್ಟ ಭ್ರೂಣದ ವರ್ಗಾವಣೆ). ಒಳಪದರ ಬೆಳೆಸುವ ಹಾರ್ಮೋನ್ ಎಸ್ಟ್ರಾಡಿಯಾಲ್ ದಿನಕ್ಕೆ 6 ಮಿ.ಗ್ರಾಂ., 12ನೇ ದಿನದ ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ (ಎಂಡೊಮೆಟ್ರಿಯಂ) 6.8 ಮಿ.ಮೀ., ಟ್ರಿಪಲ್ ಲೈನ್ (ಮೂರು ಗೆರೆಗಳಾಗಿ ಕಾಣುವ ನೋಟ). 7 ದಾಟದಿದ್ದರೆ ಐವಿಎಫ್ ಫೇಲ್ ಆಗುತ್ತದೆಯೇ?

ಉತ್ತರ 1: ಇಲ್ಲ. 7ಕ್ಕಿಂತ ಕಡಿಮೆಯಾದರೆ ಗರ್ಭ ನಿಲ್ಲುವ ಪ್ರಮಾಣ ಸರಾಸರಿಯಲ್ಲಿ ತಗ್ಗುತ್ತದೆ, ಅಷ್ಟೇ. ಒಬ್ಬರ ಫಲಿತಾಂಶವನ್ನು ಆ ಅಂಕಿಯಿಂದ ಹೇಳಲಾಗದು. ಅಂಡಾಣು ತೆಗೆದಾಗಿನ ವಯಸ್ಸು, ಭ್ರೂಣದ ಗುಣಮಟ್ಟವೇ ಹೆಚ್ಚು ತೂಗುತ್ತವೆ. 6.8ಕ್ಕೂ 7ಕ್ಕೂ ಇರುವ ವ್ಯತ್ಯಾಸ ಅಳತೆಯ ದೋಷದೊಳಗೇ ಬರುತ್ತದೆ.

ಉತ್ತರ 2: ಮೊದಲು ಅಳೆದದ್ದು ಹೇಗೆ ಎಂದು ಕೇಳಿ. ಮೂತ್ರಕೋಶ ಖಾಲಿ ಮಾಡಿಸಿ, ಟ್ರಾನ್ಸ್‌ವಜೈನಲ್ (ಯೋನಿಯ ಮೂಲಕದ) ಪ್ರೋಬ್‌ನಲ್ಲಿ ಗರ್ಭಕೋಶದ ಉದ್ದ ಸೀಳುನೋಟ ಹಿಡಿಯಬೇಕು. ಫಂಡಸ್‌ನಿಂದ (ಗರ್ಭಕೋಶದ ಮೇಲ್ತುದಿ) ಸರ್ವಿಕ್ಸ್‌ವರೆಗೆ (ಗರ್ಭಕಂಠ) ಒಂದೇ ಚಿತ್ರದಲ್ಲಿ ಕಾಣಬೇಕು. ಅತಿ ದಪ್ಪ ಜಾಗದಲ್ಲಿ, ಎರಡೂ ಪದರ ಸೇರಿಸಿ, ನಡುಗೆರೆಗೆ ಲಂಬವಾಗಿ ಕ್ಯಾಲಿಪರ್ (ಪರದೆಯ ಅಳತೆ ಗುರುತು) ಇಡಬೇಕು. ಓರೆಯಾದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಸುತ್ತಲಿನ ಕಪ್ಪು ಅಂಚು ಮಯೊಮೆಟ್ರಿಯಂ (ಗರ್ಭಕೋಶದ ಸ್ನಾಯು ಪದರ), ಅದನ್ನು ಸೇರಿಸಬಾರದು. ಒಳಗೆ ದ್ರವವಿದ್ದರೆ ಅದನ್ನು ಬಿಟ್ಟು ಎರಡು ಪದರ ಕೂಡಿಸಬೇಕು.

ಉತ್ತರ 3: ದ್ರವ ಕಂಡರೆ ನಿಜವಾಗಿ ನಿಲ್ಲಿಸಿ ನೋಡಬೇಕು, ಹೈಡ್ರೋಸಾಲ್ಪಿಂಕ್ಸ್ (ದ್ರವ ತುಂಬಿದ ಗರ್ಭನಾಳ) ಇರಬಹುದು. ಪ್ರೊಜೆಸ್ಟರಾನ್ (ಪದರವನ್ನು ಭ್ರೂಣಕ್ಕೆ ಸಿದ್ಧಗೊಳಿಸುವ ಹಾರ್ಮೋನ್) ಶುರುವಾಗುವ ಮೊದಲೇ ಪದರ ಪೂರ್ತಿ ಬೆಳ್ಳಗೆ ಕಂಡರೆ ರಕ್ತದಲ್ಲಿ ಪ್ರೊಜೆಸ್ಟರಾನ್ ಪರೀಕ್ಷಿಸಿ. ಹಿಂದೆ ಡಿ ಅಂಡ್ ಸಿ (ಗರ್ಭಕೋಶ ಕೆರೆದು ಸ್ವಚ್ಛ ಮಾಡುವುದು) ಆಗಿದ್ದು ಪದರ ಪ್ರತಿ ಸಲ ತೆಳುವಿದ್ದರೆ ಹಿಸ್ಟರೊಸ್ಕೋಪಿ (ಕ್ಯಾಮೆರಾದಿಂದ ಗರ್ಭಕೋಶದ ಒಳಗೆ ನೋಡುವುದು) ಮಾಡಿಸಿ. ಅಂಟುಗಳಿದ್ದಲ್ಲಿ ಮಾತ್ರೆ ಏರಿಸಿ ಏನೂ ಆಗದು. ನಿಮ್ಮದು ಟ್ರಿಪಲ್ ಲೈನ್. ಕೆಲವು ದಿನ ಎಸ್ಟ್ರಾಡಿಯಾಲ್ ಮುಂದುವರಿಸಿ ಮರುಸ್ಕ್ಯಾನ್ ಮಾಡುವುದೇ ವಾಡಿಕೆ, ವೈದ್ಯರನ್ನು ಕೇಳಿ. ಡಾಪ್ಲರ್ ಸ್ಕೋರ್‌ಗೆ (ಸ್ಕ್ಯಾನ್‌ನಲ್ಲಿ ರಕ್ತಸಂಚಾರ ಅಳೆದು ಕೊಡುವ ಅಂಕ) ಬೇರೆ ದುಡ್ಡು ಕೇಳಿದರೆ, ನನ್ನ ಮಟ್ಟಿಗೆ ಅದು ದಂಡ.